ಹತ್ತೊಂಬತ್ತರ ಮಗ್ಗಿ

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ – ಈ ನಾಲ್ಕು ಊರುಗಳ ಪ್ರೌಢಶಾಲೆಗಳಲ್ಲಿ ಮೂವತ್ತಮೂರು ವರ್ಷ ಗಣಿತ ಹೇಳಿಕೊಟ್ಟವನು ನಾನು. ಮಗ್ಗಿ ಬಾರದೆ ಎಂಟನೆಯ ತರಗತಿಗೆ ಬಂದ ಮಕ್ಕಳನ್ನು ಪ್ರಾರ್ಥನೆಗೆ ಮುಂಚೆಯೇ ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಪ್ಪತ್ತರ ಮಗ್ಗಿ ಎಲ್ಲರಿಗೂ ಸಲೀಸು. ಹತ್ತೊಂಬತ್ತರದೆಂದರೆ ಎಲ್ಲರಿಗೂ ಜ್ವರ. ಅದೇ ಮಕ್ಕಳು ಬೆಳೆದು ರೇಷ್ಮೆ ಬಿಚ್ಚಾಣಿಕೆ ಘಟಕ, ಗಾರ್ಮೆಂಟ್ಸ್, ಅಕ್ಕಿ ಗಿರಣಿ, ಖಾಸಗಿ ಶಾಲೆಗಳ ಯಜಮಾನರಾದ ಮೇಲೆ ಲೆಕ್ಕ ತಲೆಕೆಳಗಾಗಿದೆ. ಈಗ ಅವರಿಗೆ ಹತ್ತೊಂಬತ್ತು ಪ್ರಾಣಪ್ರಿಯ, ಇಪ್ಪತ್ತೆಂದರೆ ಜ್ವರ. ಈ ಹೊಸ ಮಗ್ಗಿಯ ಕುರಿತು ನಾಲ್ಕು ಮಾತು ಹೇಳದೆ ಇರಲಾರೆ. ಕೆಲವರಿಗೆ ಕಹಿಯೆನಿಸಿದರೆ, ಹಳೆಯ ಮೇಷ್ಟರ ಬೈಗುಳವೆಂದು ಸಹಿಸಿಕೊಳ್ಳಿ.

ಮೊದಲು ಈ ಇಪ್ಪತ್ತರ ಮೂಲವನ್ನು ತಿಳಿಯೋಣ. ನೌಕರರ ಭವಿಷ್ಯ ನಿಧಿ ಕಾಯಿದೆ ಬಂದದ್ದು 1952ರಲ್ಲಿ. ಆಗ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 1960ರಲ್ಲಿ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಇಳಿಸಿದರು. ಅಲ್ಲಿಂದೀಚೆಗೆ ದೇಶದಲ್ಲಿ ಏನೇನೋ ಬದಲಾಯಿತು. ಇಪ್ಪತ್ತು ಮಾತ್ರ ಕದಲಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಇಪ್ಪತ್ತನ್ನು ಉಳಿಸಿಕೊಂಡಿತು. ನೌಕರರ ರಾಜ್ಯ ವಿಮೆಗೆ, ಅಂದರೆ ನಾವು ಇ.ಎಸ್.ಐ. ಎನ್ನುವುದಕ್ಕೆ, ಹತ್ತು ಜನ ಸಾಕು. ಉಪದಾನಕ್ಕೂ, ಅಂದರೆ ಗ್ರ್ಯಾಚುಟಿಗೂ, 1972ರ ಕಾಯಿದೆಯಿಂದ ಹತ್ತೇ ಲೆಕ್ಕ. ಹೀಗಾಗಿ ನಮ್ಮ ಊರುಗಳಲ್ಲಿ ಎರಡು ಬಗೆಯ ಜಾಣರಿದ್ದಾರೆ: ಒಂಬತ್ತರಲ್ಲಿ ನಿಲ್ಲುವವರು ಮತ್ತು ಹತ್ತೊಂಬತ್ತರಲ್ಲಿ ನಿಲ್ಲುವವರು.

ನಿಲ್ಲುವುದೆಂದರೆ ಹಾಜರಿ ಪುಸ್ತಕದಲ್ಲಿ ನಿಲ್ಲುವುದು. ಕೆಲಸದ ಮನೆಯಲ್ಲಿ ಅಲ್ಲ. ಒಂದೇ ಬಾಯ್ಲರಿನ ಹಬೆ, ಒಂದೇ ಗೋಡೆ, ಒಂದೇ ಬಾಗಿಲು; ಆದರೆ ಪರವಾನಗಿ ಎರಡು. ಒಂದು ಅಣ್ಣನ ಹೆಸರಿನಲ್ಲಿ, ಇನ್ನೊಂದು ತಮ್ಮನ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ. ಗೂಡು ಬೇಯಿಸುವವರು, ನೂಲು ಬಿಚ್ಚುವವರು, ಜುಟ್ಟು ಎತ್ತುವವರು ಎಲ್ಲರೂ ಸೇರಿ ಇಪ್ಪತ್ತಾರು ಮಂದಿಯಾದರೆ, ಪುಸ್ತಕದಲ್ಲಿ ಇಲ್ಲಿ ಹದಿಮೂರು, ಅಲ್ಲಿ ಹದಿಮೂರು. ಕೆಲವರಲ್ಲಿ ಪುಸ್ತಕವೇ ಇಲ್ಲ. ಶನಿವಾರದ ಬಟವಾಡೆಗೆ ಒಂದು ನೋಟುಬುಕ್ಕು, ಅದೂ ವರ್ಷ ಮುಗಿದ ಮೇಲೆ ರದ್ದಿಗೆ. ಒಂದೇ ಸಂಸ್ಥೆಯ ವಿಭಾಗಗಳೂ ಶಾಖೆಗಳೂ ಬೇರೆ ಬೇರೆ ಕಡೆ ಇದ್ದರೂ ಅವೆಲ್ಲ ಒಂದೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಗುತ್ತಿಗೆದಾರನ ಮೂಲಕ ಬಂದವನೂ ಲೆಕ್ಕಕ್ಕೆ ಸೇರುತ್ತಾನೆ. ಒಮ್ಮೆ ಇಪ್ಪತ್ತನ್ನು ಮುಟ್ಟಿದ ಸಂಸ್ಥೆ ಆಮೇಲೆ ಹದಿನೈದಕ್ಕೆ ಇಳಿದರೂ ಬಿಡುಗಡೆಯಿಲ್ಲ. ಇದು ನನ್ನ ಯಜಮಾನ ಶಿಷ್ಯರಿಗೆ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿರುವುದರಿಂದಲೇ ಈ ಭಾಗಾಕಾರ.

ಅವರ ಕಷ್ಟವನ್ನು ನಾನು ಕಂಡಿಲ್ಲವೆಂದು ಯಾರೂ ತಿಳಿಯಬೇಡಿ. ಬಿಚ್ಚಾಣಿಕೆದಾರನ ಬದುಕು ಬೆಳಗಿನ ಗೂಡಿನ ಹರಾಜಿನಲ್ಲಿ ಆರಂಭವಾಗುತ್ತದೆ. ಗೂಡಿನ ಬೆಲೆ ಒಂದು ದಿನ ಏರಿದರೆ, ನೂಲಿನ ಬೆಲೆ ಅದೇ ದಿನ ಇಳಿಯಬಹುದು. ನಡುವೆ ಸಿಕ್ಕಿಕೊಳ್ಳುವವನು ಅವನೇ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ ಒಮ್ಮೆಗೇ ಶೇಕಡಾ 5ಕ್ಕೆ ಇಳಿಸಿದಾಗ, ಚೀನಾದ ನೂಲಿನೆದುರು ಶಿಡ್ಲಘಟ್ಟದ ಮನೆಮನೆಗಳಲ್ಲಿ ಎಂಥ ಆತಂಕವಿತ್ತೆಂಬುದನ್ನು ಬಲ್ಲೆ. 1997ರವರೆಗೆ ಹೊಸ ಘಟಕಗಳಿಗೆ ಭವಿಷ್ಯ ನಿಧಿಯಿಂದ ಮೊದಲ ಮೂರು ವರ್ಷ ವಿನಾಯಿತಿಯಿತ್ತು. ಎಳೆಗೂಸಿಗೆ ಕೊಡುವ ಆ ಅವಕಾಶವನ್ನೂ ಆ ವರ್ಷ ಕಿತ್ತುಕೊಂಡರು. ಇವೆಲ್ಲ ನಿಜ. ಆದರೆ ಯಜಮಾನನ ಕಷ್ಟಕ್ಕೆ ಕೆಲಸಗಾರನ ಮುಪ್ಪು ಜಾಮೀನಾಗಬೇಕೇ ಎಂಬುದು ನನ್ನ ಪ್ರಶ್ನೆ.

ಈ ಮಾತೆತ್ತಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಮೂರು. ಒಂದೊಂದನ್ನೂ ಕರಿಹಲಗೆಯ ಮೇಲೆ ಬಿಡಿಸಿ ನೋಡೋಣ.

ಮೊದಲನೆಯದು: "ಕಟ್ಟೋಕೆ ಆಗಲ್ಲ ಸಾರ್, ಮುಳುಗಿ ಹೋಗ್ತೀವಿ." ಸರಿ, ಎಷ್ಟು ಕಟ್ಟಬೇಕು? ತಿಂಗಳಿಗೆ 12,000 ರೂಪಾಯಿ ವೇತನವಿರುವ ಒಬ್ಬ ಕೆಲಸಗಾರನನ್ನು ತೆಗೆದುಕೊಳ್ಳಿ. ಯಜಮಾನನ ಪಾಲು ಶೇಕಡಾ 12, ಅಂದರೆ 1,440 ರೂಪಾಯಿ. ಅದರಲ್ಲಿ ಶೇಕಡಾ 8.33, ಅಂದರೆ ಸುಮಾರು 1,000 ರೂಪಾಯಿ ಪಿಂಚಣಿ ಯೋಜನೆಗೆ. ಉಳಿದದ್ದು ಅವನ ನಿಧಿಗೆ. ವಿಮೆಗೆ ಅರ್ಧ ಶೇಕಡಾ, ಆಡಳಿತ ವೆಚ್ಚಕ್ಕೆ ಅರ್ಧ ಶೇಕಡಾ – ಒಟ್ಟು ಶೇಕಡಾ 13, ಅಂದರೆ 1,560 ರೂಪಾಯಿ. ಇಪ್ಪತ್ತಾರು ದಿನಗಳ ಕೆಲಸಕ್ಕೆ ಭಾಗಿಸಿದರೆ ದಿನಕ್ಕೆ 60 ರೂಪಾಯಿ. ಇಪ್ಪತ್ತು ಜನರಿಗೆ ತಿಂಗಳಿಗೆ 31,200 ರೂಪಾಯಿ. ಇದು ಅಲ್ಪ ಮೊತ್ತವೆಂದು ನಾನು ಹೇಳುವುದಿಲ್ಲ. ಆದರೆ ಇದು ಕೂಲಿಯ ಒಂದು ಭಾಗ. ಕೊಡದೆ ಉಳಿಸಿಕೊಂಡ ಕೂಲಿ. ವಿದ್ಯುತ್ ಬಿಲ್ಲನ್ನೋ ಸೌದೆಯ ಹಣವನ್ನೋ ಕೊಡದೆ ಇರುವ ಧೈರ್ಯ ಯಾರಿಗೂ ಇಲ್ಲ. ಏಕೆಂದರೆ ಕೊಡದಿದ್ದರೆ ಮರುದಿನ ಒಲೆ ಉರಿಯುವುದಿಲ್ಲ. ಮುಪ್ಪಿನ ಹಣ ಕೊಡದಿದ್ದರೆ ಒಲೆ ಆರುವುದು ಇಪ್ಪತ್ತು ವರ್ಷಗಳ ನಂತರ, ಅದೂ ಬೇರೆಯವರ ಮನೆಯಲ್ಲಿ. ವ್ಯತ್ಯಾಸ ಅಷ್ಟೇ.

ಎರಡನೆಯದು: "ಅವರಿಗೇ ಬೇಡ ಸಾರ್. ಕೈಗೆ ಕಾಸು ಬಂದರೆ ಸಾಕು ಅಂತಾರೆ." ಈ ಮಾತಿಗೆ ಉತ್ತರವನ್ನು ನಾನು ಕೊಡಬೇಕಾಗಿಲ್ಲ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರಲ್ಲೇ ಕೊಟ್ಟಿದ್ದಾರೆ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಕೆಲಸ ಬಿಟ್ಟವರು ಯಜಮಾನನ ಪಾಲಿನ ಭವಿಷ್ಯ ನಿಧಿಯನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬುದು ಅದರ ಸಾರ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಲಾಠಿ, ಅಶ್ರುವಾಯು ಎಲ್ಲವೂ ನಡೆಯಿತು. 19ರ ಸಂಜೆಯೊಳಗೆ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಭವಿಷ್ಯ ನಿಧಿಯೇ ಬೇಡವೆನ್ನುವವರು ಅದಕ್ಕಾಗಿ ಲಾಠಿಯೇಟು ತಿನ್ನುವರೇ? ತನ್ನ ಹೆಸರಿನಲ್ಲಿ ಹಣವಿದೆಯೆಂದು ಬಲ್ಲವರು ಅದನ್ನು ಕಾಯುತ್ತಾರೆ. ಇದೆಯೆಂದೇ ತಿಳಿಯದವರು ಕೈಗೆ ಬಂದದ್ದನ್ನು ಕೇಳುತ್ತಾರೆ. ಮುಂಗಡದ ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದವನಿಗೆ "ನಿನಗೆ ಪಿ.ಎಫ್. ಬೇಕೋ, ಕಾಸು ಬೇಕೋ" ಎಂದು ಕೇಳುವುದು ಪ್ರಶ್ನೆಯೇ ಅಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು: "ನಮ್ಮಲ್ಲಿ ಯಜಮಾನ, ಆಳು ಅಂತ ಇಲ್ಲ ಸಾರ್. ಒಂದೇ ಮನೆಯವರ ಹಾಗಿದ್ದೀವಿ." ಈ ಮಾತು ಸುಳ್ಳಲ್ಲ. ಮದುವೆಗೆ ಸಾಲ ಕೊಡುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ಕಾಯಿಲೆಯಾದರೆ ಆಸ್ಪತ್ರೆಗೆ ತಾವೇ ಕರೆದೊಯ್ಯುತ್ತಾರೆ. ಇಂಥ ಒಂದು ಮನೆಯ ಕಥೆಯನ್ನು ಹೆಸರು, ಊರು ಹೇಳದೆ ಬರೆಯುತ್ತೇನೆ.

ಇಬ್ಬರೂ ನನ್ನ ಶಿಷ್ಯರು. ಒಂದೇ ಬೆಂಚಿನಲ್ಲಿ ಕುಳಿತವರು. ಒಬ್ಬ ತಂದೆಯ ಘಟಕವನ್ನು ಬೆಳೆಸಿದ. ಇನ್ನೊಬ್ಬ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು, ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಗೆಳೆಯನ ಘಟಕದಲ್ಲೇ ಕೆಲಸಕ್ಕೆ ಸೇರಿ ಹದಿನಾರು ವರ್ಷ ದುಡಿದ. 2022ರಲ್ಲಿ ಹೃದಯಾಘಾತದಿಂದ ತೀರಿಕೊಂಡ, ವಯಸ್ಸು ನಲವತ್ತಮೂರು. ಯಜಮಾನನಾದ ಗೆಳೆಯ ಮಣ್ಣಿಗೆ ಹೆಗಲು ಕೊಟ್ಟ, ಖರ್ಚಿಗೆ 20,000 ರೂಪಾಯಿ ಕೊಟ್ಟ, ಅವನಿಗಿದ್ದ ಮುಂಗಡದ ಬಾಕಿಯನ್ನು ಬಿಟ್ಟುಬಿಟ್ಟ. ತಿಂಗಳು ಕಳೆದ ಮೇಲೆ ಆ ಹೆಣ್ಣುಮಗಳು ಇಬ್ಬರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ಪಿಂಚಣಿಗೆ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿದಳು. ಯಾವ ಕಾಗದವಿದೆಯಮ್ಮ ಎಂದೆ. ಆಧಾರ್ ಕಾರ್ಡು, ಪಡಿತರ ಚೀಟಿ, ಮರಣ ಪತ್ರ – ಅಷ್ಟೇ. ಹದಿನಾರು ವರ್ಷ ಅವನು ಅಲ್ಲಿ ದುಡಿದನೆಂಬುದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ.

ಇದ್ದಿದ್ದರೆ ಏನು ಸಿಗುತ್ತಿತ್ತೆಂದು ಲೆಕ್ಕ ಹಾಕಿ. ಸದಸ್ಯನಾದವನು ಸೇವೆಯಲ್ಲಿರುವಾಗ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ, 1995ರ ಪಿಂಚಣಿ ಯೋಜನೆಯಲ್ಲಿ ಹೆಂಡತಿಗೆ ವಿಧವಾ ಪಿಂಚಣಿಯುಂಟು, ಇಬ್ಬರು ಮಕ್ಕಳಿಗೆ ಇಪ್ಪತ್ತೈದು ವರ್ಷದವರೆಗೆ ಪಿಂಚಣಿಯುಂಟು. ಹದಿನಾರು ವರ್ಷದ ನಿಧಿ ಬಡ್ಡಿಸಮೇತ ಕೈಸೇರುತ್ತಿತ್ತು. ಜೊತೆಗೆ ಠೇವಣಿ ಸಂಬಂಧಿತ ವಿಮೆ: ಸರಾಸರಿ ಮಾಸಿಕ ವೇತನದ 35 ಪಟ್ಟು, ಅದರ ಮೇಲೆ ನಿಧಿಯಲ್ಲಿರುವ ಹಣಕ್ಕೆ ತಕ್ಕಂತೆ ಇನ್ನಷ್ಟು, ಗರಿಷ್ಠ 7 ಲಕ್ಷ. ವೇತನ 12,000 ಎಂದಿಟ್ಟುಕೊಂಡರೆ 35 ಪಟ್ಟೇ 4 ಲಕ್ಷ 20 ಸಾವಿರ. ಈ ವಿಮೆಗೆ ಕೆಲಸಗಾರ ಒಂದು ಕಾಸೂ ಕಟ್ಟಬೇಕಾಗಿಲ್ಲ. ಯಜಮಾನ ಕಟ್ಟಬೇಕಾದದ್ದು ಅರ್ಧ ಶೇಕಡಾ, ತಿಂಗಳಿಗೆ 60 ರೂಪಾಯಿ. ತಿಂಗಳಿಗೆ ಅರವತ್ತು ರೂಪಾಯಿ ಉಳಿಸಿದ ಗೆಳೆಯ ಕೊನೆಗೆ ಇಪ್ಪತ್ತು ಸಾವಿರ ದಾನ ಕೊಟ್ಟ. ಆ ದಾನಕ್ಕೆ ಊರು ಅವನನ್ನು ಹೊಗಳಿತು.

ಕಾರ್ಮಿಕ ಇಲಾಖೆಗೆ, ಭವಿಷ್ಯ ನಿಧಿ ಕಚೇರಿಗೆ ಬರೆಯೋಣ, ಆ ಎರಡು ಪರವಾನಗಿಗಳು ಒಂದೇ ಘಟಕವೆಂದು ವಿಚಾರಣೆಯಾದರೆ ನಿನಗೆ ನ್ಯಾಯ ಸಿಗುತ್ತದೆ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಬೇಡಿ ಸಾರ್. ನನ್ನ ತಮ್ಮ ಅಲ್ಲೇ ಕೆಲಸಕ್ಕಿದಾನೆ" ಎಂದು ಎದ್ದು ಹೋದಳು. ಒಂದೇ ಮನೆಯವರ ಹಾಗಿರುವುದೆಂದರೆ ಇದೇ. ಮನೆಯಲ್ಲಿ ಹಕ್ಕು ಕೇಳಿದವನು ಹೊರಗಾಗುತ್ತಾನೆ. ಕರುಣೆಗೆ ನನ್ನ ವಿರೋಧವಿಲ್ಲ. ಹಕ್ಕಿನ ಬಾಕಿಯನ್ನು ಕರುಣೆಯ ಖಾತೆಗೆ ಜಮಾ ಮಾಡಿಕೊಳ್ಳುವುದಕ್ಕೆ ನನ್ನ ವಿರೋಧ.

ಹತ್ತೊಂಬತ್ತರಲ್ಲಿ ಅಡಗಿಕೊಂಡವರು ತಾವು ಗೆದ್ದೆವೆಂದಾದರೂ ಹೇಳಬಲ್ಲರೇ? ಅದೂ ಇಲ್ಲ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಆ ವರ್ಷ ಮಾರ್ಚಿನಿಂದ ಆಗಸ್ಟಿನವರೆಗೆ ಆರು ತಿಂಗಳು ಕೇಂದ್ರ ಸರ್ಕಾರ ಸಣ್ಣ ಸಂಸ್ಥೆಗಳ ಭವಿಷ್ಯ ನಿಧಿಯ ಎರಡೂ ಪಾಲುಗಳನ್ನು – ಯಜಮಾನನ 12, ಕೆಲಸಗಾರನ 12, ಒಟ್ಟು ಶೇಕಡಾ 24 – ತಾನೇ ಕಟ್ಟಿತು. ನೂರರವರೆಗೆ ನೌಕರರಿದ್ದು, ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ವೇತನ 15,000ಕ್ಕಿಂತ ಕಡಿಮೆಯಿರಬೇಕೆಂಬುದು ಷರತ್ತು. ನಮ್ಮ ಘಟಕಗಳಿಗೆಂದೇ ಹೊಲಿದ ಅಂಗಿ! ಆದರೆ ತೊಡುವವರ ಹೆಸರು ಪುಸ್ತಕದಲ್ಲಿರಲಿಲ್ಲ. 2025ರ ಆಗಸ್ಟಿನಿಂದ ಇನ್ನೊಂದು ಯೋಜನೆ ಆರಂಭವಾಯಿತು. ಹೊಸದಾಗಿ ಕನಿಷ್ಠ ಇಬ್ಬರನ್ನು ನೇಮಿಸಿಕೊಳ್ಳುವ ಸಣ್ಣ ಸಂಸ್ಥೆಗೆ ಒಬ್ಬೊಬ್ಬ ನೌಕರನಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ ಪ್ರೋತ್ಸಾಹಧನ. ತಯಾರಿಕಾ ಘಟಕವಾದರೆ ನಾಲ್ಕು ವರ್ಷ. ಅದಕ್ಕೂ ಭವಿಷ್ಯ ನಿಧಿಯ ನೋಂದಣಿ ಬೇಕು. ಹಳೆಯ ಬಾಕಿಯ ಭಯವಿದ್ದವರಿಗೂ ದಾರಿ ತೆರೆಯಿತು: 2017ರ ಜುಲೈನಿಂದ 2025ರ ಅಕ್ಟೋಬರಿನವರೆಗೆ ಬಿಟ್ಟುಹೋದ ನೌಕರರನ್ನು ಸೇರಿಸಲು 2025ರ ನವೆಂಬರಿನಿಂದ 2026ರ ಏಪ್ರಿಲ್‌ವರೆಗೆ ಅವಕಾಶ ಘೋಷಿಸಿದರು. ಕೆಲಸಗಾರನಿಂದ ಹಿಡಿಯದಿದ್ದ ಪಾಲು ಮನ್ನಾ, ದಂಡ ಬರಿಯ ನೂರು ರೂಪಾಯಿ. ನನ್ನ ಯಜಮಾನ ಶಿಷ್ಯರಲ್ಲಿ ಎಷ್ಟು ಮಂದಿ ಇದನ್ನು ವಿಚಾರಿಸಿದಿರಿ? ಕತ್ತಲಲ್ಲಿ ಕುಳಿತವನನ್ನು ತೆರಿಗೆಯವನು ಕಾಣುವುದಿಲ್ಲ, ನಿಜ. ನೆರವು ಕೊಡುವವನೂ ಕಾಣುವುದಿಲ್ಲ.

ರೇಷ್ಮೆಯವರನ್ನಷ್ಟೇ ಬೈದರೆ ಅನ್ಯಾಯವಾದೀತು. ನನ್ನದೇ ವೃತ್ತಿಯ ಕಡೆ ನೋಡಿ. ನಮ್ಮ ನಾಲ್ಕೂ ಊರುಗಳಲ್ಲಿ ಖಾಸಗಿ ಶಾಲೆಗಳು ಎಷ್ಟಿವೆ! ಅಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳಲ್ಲಿ ನನ್ನ ಶಿಷ್ಯೆಯರೇ ಹಲವರು. ಶಿಕ್ಷಕರಿಗೆ ಉಪದಾನವಿಲ್ಲ, ಏಕೆಂದರೆ ಅವರು ಕಾಯಿದೆಯ ಅರ್ಥದಲ್ಲಿ 'ನೌಕರ'ರೇ ಅಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 2009ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಆ ಹಕ್ಕನ್ನು ಕೊಟ್ಟಿತು. ಖಾಸಗಿ ಶಾಲೆಗಳು ಮತ್ತೆ ನ್ಯಾಯಾಲಯಕ್ಕೆ ಹೋದವು. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಮೂಲವೇತನವನ್ನು ಕಿರಿದಾಗಿ, ಭತ್ಯೆಯನ್ನು ಹಿರಿದಾಗಿ ತೋರಿಸಿ ಭವಿಷ್ಯ ನಿಧಿಯನ್ನು ಕುಗ್ಗಿಸುವ ಜಾಣತನಕ್ಕೂ 2019ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ತಡೆ ಹಾಕಿತು. ಆ ಪ್ರಕರಣಗಳ ಗುಂಪಿನಲ್ಲಿ ಒಂದು ಪಕ್ಷ ಶಾಲೆಯೇ ಆಗಿತ್ತೆಂಬುದು ನಾಚಿಕೆಯ ಸಂಗತಿ. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿಸಿ, ಪಾಠ ಹೇಳಿದವರಿಗೆ ವರ್ಷಕ್ಕೆ ಹತ್ತೇ ತಿಂಗಳ ಸಂಬಳ ಕೊಡುವವರನ್ನು ಏನೆಂದು ಕರೆಯೋಣ?

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಮೇಲೆ ನನಗೆ ಬಂದ ದೂರವಾಣಿ ಕರೆಗಳು ಬಹುತೇಕ ಒಂದೇ ಬಗೆಯವು: "ಸಾರ್, ಇದರಿಂದ ತಪ್ಪಿಸಿಕೊಳ್ಳೋದು ಹೇಗೆ?" ಮೊದಲು ಅವು ಹೇಳುವುದೇನೆಂದು ಕೇಳಿಸಿಕೊಳ್ಳಿ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ವೇತನವೆಂದೇ ಎಣಿಸಬೇಕು. 14,000 ಸಂಬಳದಲ್ಲಿ 5,000 ಮೂಲವೇತನ, 9,000 ಭತ್ಯೆಯೆಂದು ಬರೆದಿದ್ದರೆ, ಭತ್ಯೆಗೆ ಸಲ್ಲುವುದು 7,000 ಮಾತ್ರ. ಉಳಿದ 2,000 ವೇತನಕ್ಕೆ ಮರಳಿ ವೇತನ 7,000 ಆಗುತ್ತದೆ. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಉಪದಾನದ ಹಕ್ಕು. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ. ಎಲ್ಲಕ್ಕಿಂತ ಮುಖ್ಯವಾದದ್ದು ವೇತನ ಚೀಟಿ. ಕೃಷಿಗೋ ಮನೆಗೆಲಸಕ್ಕೋ ಐದು ಜನರವರೆಗೆ ಇಟ್ಟುಕೊಂಡವರನ್ನು ಬಿಟ್ಟರೆ, ವೇತನ ಚೀಟಿಗೆ ಹತ್ತರ ಲೆಕ್ಕವೂ ಇಲ್ಲ, ಇಪ್ಪತ್ತರ ಲೆಕ್ಕವೂ ಇಲ್ಲ. ಒಬ್ಬನೇ ಕೆಲಸಗಾರನಿದ್ದರೂ ಕೊಡಬೇಕು. ಆ ಹೆಣ್ಣುಮಗಳ ಕೈಯಲ್ಲಿ ಇಲ್ಲದಿದ್ದ ಕಾಗದ ಇದೇ.

ಸರ್ಕಾರವನ್ನೂ ಸುಮ್ಮನೆ ಬಿಡಲಾರೆ. ಕೆಲಸಗಾರರನ್ನು ತಲೆ ಎಣಿಸಿ ರಕ್ಷಿಸುವ ಕಾನೂನು ತಲೆ ಮರೆಸುವ ಯಜಮಾನರನ್ನು ತಾನೇ ತಯಾರಿಸುತ್ತದೆ. ಹತ್ತೊಂಬತ್ತನೆಯವನ ಬಳಿಕ ಬಂದವನೊಬ್ಬನಿಂದ ಇಡೀ ಘಟಕದ ಹೊರೆ ಒಮ್ಮೆಗೇ ಏರುವುದಾದರೆ, ಆ ಒಬ್ಬನನ್ನು ಪುಸ್ತಕದಿಂದ ಹೊರಗಿಡುವ ಆಸೆ ಯಾರಿಗಾದರೂ ಬಂದೀತು. ಹಾಗೆಯೇ ಪಿಂಚಣಿಯ ಮೊತ್ತ. 20 ವರ್ಷ ಸೇವೆ ಮಾಡಿ 58ಕ್ಕೆ ನಿವೃತ್ತನಾದವನಿಗೆ ಎರಡು ವರ್ಷ ಕೂಡಿಸಿ 22 ಎಂದು ಎಣಿಸುತ್ತಾರೆ. 12,000ವನ್ನು 22ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 3,771 ರೂಪಾಯಿ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ 1,000 ರೂಪಾಯಿಯೆಂದು ಗೊತ್ತುಮಾಡಿದರು. ಹತ್ತು ವರ್ಷ ಕಳೆದರೂ ಅದು ಕದಲಲಿಲ್ಲ. ನನ್ನಂಥ ಸರ್ಕಾರಿ ಮೇಷ್ಟರ ಪಿಂಚಣಿಗೆ ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಕೂಡುತ್ತದೆ. ಕುದಿಯುವ ನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ತೆಗೆದವಳ ಪಿಂಚಣಿಗೆ ತುಟ್ಟಿಯೇ ಇಲ್ಲವೇ? ಅಕ್ಕಿ ಬೇಳೆ ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಒಂದೇ ಬೆಲೆ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಸರ್ಕಾರ ಈ ಇಪ್ಪತ್ತನ್ನು ಅಳಿಸಲಿ; ಒಬ್ಬ ಕೆಲಸಗಾರನಿದ್ದರೂ ಹೆಸರು ನೋಂದಾಯಿಸುವಂತಾಗಲಿ. ಸಣ್ಣ ಘಟಕಕ್ಕೆ ಮೊದಲ ಮೂರು ವರ್ಷ ಯಜಮಾನನ ಪಾಲನ್ನು ತಾನು ಭರಿಸಲಿ. 2020ರಲ್ಲಿ ಆರು ತಿಂಗಳು ಸಾಧ್ಯವಾದದ್ದು ಮನಸ್ಸಿದ್ದರೆ ಮುಂದೆಯೂ ಸಾಧ್ಯ. ಕನಿಷ್ಠ ಪಿಂಚಣಿ ಬೆಲೆಯೇರಿಕೆಯ ಜೊತೆಗೆ ಏರಲಿ.

ಯಜಮಾನರಾದ ಶಿಷ್ಯರೇ, ಸರ್ಕಾರ ಬದಲಾಗುವವರೆಗೆ ನೀವು ಕಾಯಬೇಕಾಗಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೂ, ನೀವು ಮತ್ತು ನಿಮ್ಮ ಕೆಲಸಗಾರರಲ್ಲಿ ಹೆಚ್ಚಿನವರು ಒಪ್ಪಿದರೆ, ಸ್ವಇಚ್ಛೆಯಿಂದ ಭವಿಷ್ಯ ನಿಧಿಗೆ ಸೇರಲು ಕಾಯಿದೆಯಲ್ಲೇ ಅವಕಾಶವಿದೆ. ಅಂಥ ಸಣ್ಣ ಸಂಸ್ಥೆಗಳಿಗೆ 12ರ ಬದಲು ಶೇಕಡಾ 10ರ ದರವೂ ಉಂಟು. ಹತ್ತು ಜನರಿದ್ದರೆ ಇ.ಎಸ್.ಐ.ಗೆ ನಿಮ್ಮ ಪಾಲು, 2019ರ ಜುಲೈನಲ್ಲಿ ಇಳಿಸಿದಂತೆ, ಶೇಕಡಾ 3.25 ಮಾತ್ರ. ಇಷ್ಟೂ ಆಗದೆಂದರೆ, ಬರುವ ಶನಿವಾರದ ಬಟವಾಡೆಗೆ ಒಂದು ಚೀಟಿಯಾದರೂ ಕೊಡಿ: ಹೆಸರು, ದಿನಗಳು, ಕೂಲಿ, ಮುಂಗಡದಲ್ಲಿ ಹಿಡಿದದ್ದು, ನಿಮ್ಮ ಸಹಿ. ಅದಕ್ಕೆ ಬೇಕಾದದ್ದು ಅರ್ಧ ಹಾಳೆ ಕಾಗದ.

ಕೆಲಸಗಾರರಾದ ಶಿಷ್ಯರೇ, ಆ ಚೀಟಿಯನ್ನು ಕೇಳಿ ಪಡೆಯಿರಿ. ಪಡಿತರ ಚೀಟಿಯ ಜೊತೆಗೆ ಪೆಟ್ಟಿಗೆಯಲ್ಲಿಡಿ. ಕೇಳಲು ಸಂಕೋಚವಾದರೆ ಮೇಷ್ಟರು ಕೇಳಲು ಹೇಳಿದರೆಂದು ನನ್ನ ಹೆಸರು ಹೇಳಿ. ನಿಮ್ಮ ಯಜಮಾನ ನನ್ನ ಶಿಷ್ಯನೇ ಆಗಿದ್ದರೆ ಅವನಿಗೆ ನನ್ನ ಮನೆಯ ದಾರಿ ಗೊತ್ತು. ತಕರಾರಿದ್ದರೆ ಬಂದು ನನ್ನೊಡನೆ ಆಡಲಿ. ಬರುವಾಗ ಹಾಜರಿ ಪುಸ್ತಕ ತರಲಿ. ಎಣಿಕೆಯನ್ನು ಇಬ್ಬರೂ ಕೂತು ಇನ್ನೊಮ್ಮೆ ಮಾಡೋಣ.